ಮಗಳು ಫೆಡರಲ್ ಜಡ್ಜ್ ಆಗಬೇಕು, ನಾನು ಯಾರನ್ನು ಹಿಡಿಯಬೇಕು?

ಪ್ರಶ್ನೆ: ನಾನು ಹಾಸನದ ಕಡೆಯವನು. ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದೆ. ಈಗ ಗ್ರೀನ್ ಕಾರ್ಡ್ ಮೇಲೆ ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಇಲ್ಲಿ ಫೆಡರಲ್ (ಕೇಂದ್ರ) ಸರ್ಕಾರದ ಪ್ರಾಸಿಕ್ಯೂಟರ್, ಅಂದರೆ ಕ್ರಿಮಿನಲ್ ಕೇಸುಗಳಲ್ಲಿ ಸರ್ಕಾರದ ಪರ ವಕೀಲೆ. 14 ವರ್ಷದ ಅನುಭವ ಇದೆ. ಅವಳ ಜಿಲ್ಲೆಯಲ್ಲಿ ಒಂದು ಜಡ್ಜ್ ಹುದ್ದೆ ಖಾಲಿಯಾಗುತ್ತಿದೆ. ಅರ್ಜಿ ಹಾಕೋಣ ಅಂತ ಅವಳಿಗೂ ಮನಸ್ಸಿದೆ. ಆದರೆ ‘ಪ್ರಾಸಿಕ್ಯೂಟರ್ ಆಗಿದ್ದವರು ಜಡ್ಜ್ ಆದರೆ ಬರೀ ಶಿಕ್ಷೆ ಕೊಡ್ತಾರೆ ಅನ್ನೋ ಮಾತಿದೆ, ನನ್ನನ್ನು ಯಾರು ಶಿಫಾರಸು ಮಾಡ್ತಾರೆ ಅಪ್ಪಾ’ ಎಂದು ಹಿಂದೆ ಸರಿಯುತ್ತಾಳೆ. ಸೆನೆಟರ್ ಶಿಫಾರಸು ಇಲ್ಲದೆ ಇಲ್ಲಿ ಏನೂ ನಡೆಯೋದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕನ್ನಡ ಕೂಟದವರು 300 ಜನರ ಸಹಿ ಹಾಕಿಸಿ ಕೊಡುತ್ತೇವೆ ಎಂದಿದ್ದಾರೆ. ಸೆನೆಟರ್ ಚುನಾವಣಾ ನಿಧಿಗೆ ನಮ್ಮ ಮನೆಯಲ್ಲೇ ಊಟ ಇಡೋಣವಾ ಎಂಬ ಮಾತೂ ಇದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ದುಡ್ಡು ಕಳಿಸುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಪರಿಚಯದವರು, ಸೆನೆಟರ್ ಕಚೇರಿ ತಮಗೆ ಚೆನ್ನಾಗಿ ಗೊತ್ತು, 25,000 ಡಾಲರ್ ಕೊಟ್ಟರೆ ಮಗಳ ಹೆಸರನ್ನು ಪಟ್ಟಿಗೆ ಸೇರಿಸುತ್ತೇನೆ ಎಂದು ವಾಟ್ಸಾಪ್‌ನಲ್ಲಿ ಬರೆದಿದ್ದಾರೆ. ನಾನು ಏನು ಮಾಡಲಿ? ಈ ಪತ್ರ ಬರೆದದ್ದು ಮಗಳಿಗೆ ಗೊತ್ತಿಲ್ಲ. ಹೆಸರು, ರಾಜ್ಯ ಹಾಕಬೇಡಿ.

ಉತ್ತರ: ಹಿರಿಯರೇ, ಮೊದಲು ಆ 25,000 ಡಾಲರ್ ವಿಷಯ. ಒಂದು ಸೆಂಟ್ ಕೂಡ ಕೊಡಬೇಡಿ. ‘ಆಮೇಲೆ ಕೊಡ್ತೀನಿ’, ‘ಕೆಲಸ ಆದರೆ ನೋಡೋಣ’ ಎಂದೂ ಉತ್ತರ ಬರೆಯಬೇಡಿ. ವಶೀಲಿ ಹಚ್ಚಿ ಸರ್ಕಾರಿ ನೇಮಕ ಮಾಡಿಸಿಕೊಡಿ ಎಂದು ಯಾರಿಗಾದರೂ ಹಣ ಕೊಡುವುದು ಮಾತ್ರವಲ್ಲ, ಕೊಡುತ್ತೇನೆ ಎಂದು ಮಾತು ಕೊಡುವುದೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ದಂಡ ಸಂಹಿತೆಯ ಸೆಕ್ಷನ್ 210 ಕೊಡುವವನಿಗೆ, 211 ಕೇಳುವವನಿಗೆ. ಒಂದು ವರ್ಷದ ತನಕ ಜೈಲು ಆಗಬಹುದು. ಆ ಮನುಷ್ಯನಿಗೆ ಸೆನೆಟರ್ ಪರಿಚಯ ಇದೆಯೋ ಇಲ್ಲವೋ ಅನ್ನುವುದು ಬೇರೆ ಮಾತು. ನಿಮ್ಮ ಮಗಳು ಇಂಥ ಕೇಸುಗಳನ್ನು ನಡೆಸುವ ಕಚೇರಿಯಲ್ಲೇ ಕೂತಿದ್ದಾರೆ. ಅವರ ಅಪ್ಪನ ಫೋನಿನಲ್ಲಿ ‘ಆಗಲಿ’ ಎಂಬ ಒಂದೇ ಪದ ಸಿಕ್ಕರೂ ಜಡ್ಜ್ ಹುದ್ದೆ ಹಾಗಿರಲಿ, ಈಗಿರುವ ಕೆಲಸಕ್ಕೇ ಕುತ್ತು.

ಚುನಾವಣಾ ನಿಧಿಯ ಊಟದ ವಿಷಯ ಸ್ವಲ್ಪ ಬೇರೆ. ಗ್ರೀನ್ ಕಾರ್ಡ್ ಇರುವ ನೀವು ಅಭ್ಯರ್ಥಿಗೆ ದೇಣಿಗೆ ಕೊಡಬಹುದು, ಅದು ಕಾನೂನುಬದ್ಧ. ನಿಮ್ಮ ತಮ್ಮ ಬೆಂಗಳೂರಿನಿಂದ ಕಳಿಸುವ ಹಣ ಮಾತ್ರ ಖಂಡಿತ ಬೇಡ. ವಿದೇಶಿ ಪ್ರಜೆಯ ದುಡ್ಡು ಅಮೆರಿಕದ ಯಾವ ಚುನಾವಣೆಗೂ ಹೋಗುವಂತಿಲ್ಲ, ನಿಮ್ಮ ಹೆಸರಿನಲ್ಲಿ ಹಾಯಿಸಿದರೂ ತಪ್ಪೇ. ಇನ್ನು ನಿಮ್ಮ ಮಗಳು ಫೆಡರಲ್ ನೌಕರರು. ಹ್ಯಾಚ್ ಕಾಯ್ದೆ ಎಂದು ಒಂದಿದೆ. ಅದರ ಪ್ರಕಾರ ಅವರು ರಾಜಕೀಯ ದೇಣಿಗೆ ಕೇಳುವಂತಿಲ್ಲ, ಸಂಗ್ರಹಿಸುವಂತಿಲ್ಲ. ಅವರು ವಾಸ ಇರುವ ಮನೆಯಲ್ಲಿ ನೀವು ಊಟ ಇಟ್ಟು, ಬಾಗಿಲಲ್ಲಿ ಅವರೇ ನಿಂತು ಬಂದವರನ್ನು ಕರೆದರೆ ಏನರ್ಥ ಬರುತ್ತದೆ ಯೋಚಿಸಿ. ಅದಕ್ಕೇ ಅರ್ಜಿಯ ಕಾಲದಲ್ಲಿ ಆ ಊಟ ಬೇಡ ಎಂದು ನಾನು ಹೇಳುತ್ತೇನೆ. ಕಾನೂನು ತಡೆಯದ ಎಷ್ಟೋ ಕೆಲಸಗಳು ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನಾಮನಿರ್ದೇಶನ ಆದವರು ಸೆನೆಟ್‌ನ ನ್ಯಾಯಾಂಗ ಸಮಿತಿಗೆ ಒಂದು ದೊಡ್ಡ ಪ್ರಶ್ನಾವಳಿ ತುಂಬಿ ಕೊಡಬೇಕು. ಅದರಲ್ಲಿ ಒಂದು ಪ್ರಶ್ನೆ, ಈ ಆಯ್ಕೆ ಹೇಗೆ ನಡೆಯಿತು, ಮೊದಲಿನಿಂದ ಕೊನೆಯ ತನಕ ಬರೆಯಿರಿ ಎಂದು. ಯಾರನ್ನು ಯಾವಾಗ ಭೇಟಿಯಾದಿರಿ, ಯಾರ ಜೊತೆ ಮಾತಾಡಿದಿರಿ, ಎಲ್ಲವೂ ಬರಬೇಕು. ಆ ಉತ್ತರ ಸಾರ್ವಜನಿಕವಾಗುತ್ತದೆ. ನಿಮ್ಮ ಮನೆಯ ಊಟವೂ ಅಲ್ಲಿ ಒಂದು ಸಾಲು ಆಗಬಹುದು.

ಈಗ ಶಿಫಾರಸು ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ನೋಡೋಣ. ನಾನು ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ವಕೀಲಿಕೆ ಮಾಡಿ, ಆಮೇಲೆ ಇಲ್ಲಿಗೆ ಬಂದು ಮತ್ತೆ ಓದಿ, 22 ವರ್ಷದಿಂದ ಫೆಡರಲ್ ಕೋರ್ಟುಗಳಲ್ಲಿ ಆರೋಪಿಗಳ ಪರ ವಾದಿಸುತ್ತಿದ್ದೇನೆ. ಅಂದರೆ ನಿಮ್ಮ ಮಗಳಂಥವರ ಎದುರು ಮೇಜಿನಲ್ಲಿ ಕೂರುವವನು. ಅಲ್ಲಿಂದ ಕಂಡದ್ದನ್ನೇ ಹೇಳುತ್ತೇನೆ.

ಸಂವಿಧಾನದ ಪ್ರಕಾರ ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಅಷ್ಟೇ. ಇಷ್ಟು ವಯಸ್ಸಾಗಿರಬೇಕು, ಇಷ್ಟು ವರ್ಷ ವಕೀಲಿಕೆ ಮಾಡಿರಬೇಕು ಎಂದು ಅಲ್ಲಿ ಬರೆದೇ ಇಲ್ಲ. ನಮ್ಮಲ್ಲಿ ಹಾಗಲ್ಲ. ವಕೀಲರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಕನಿಷ್ಠ ಏಳು ವರ್ಷದ ವಕೀಲಿಕೆ ಬೇಕು. ಸರ್ಕಾರಿ ಪ್ರಾಸಿಕ್ಯೂಟರ್‌ಗಳನ್ನೂ ಆ ಲೆಕ್ಕದಲ್ಲಿ ವಕೀಲರೆಂದೇ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆ ಮೇಲೆ ಪರೀಕ್ಷೆ, ಸಂದರ್ಶನ, ಹೈಕೋರ್ಟಿನ ಆಯ್ಕೆ. ಇಲ್ಲಿ ಪರೀಕ್ಷೆ ಇಲ್ಲ. ಅದಕ್ಕೇ ನಮ್ಮವರಿಗೆ ಇದು ಪೂರ್ತಿ ವಶೀಲಿಯ ಆಟದಂತೆ ಕಾಣುತ್ತದೆ. ಪೂರ್ತಿ ಹಾಗಲ್ಲ, ಆದರೆ ರಾಜಕೀಯವೇ ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ.

ದೇಶದಲ್ಲಿ 94 ಫೆಡರಲ್ ಜಿಲ್ಲಾ ನ್ಯಾಯಾಲಯಗಳಿವೆ. ಜಡ್ಜ್ ಹುದ್ದೆಗಳು ಸುಮಾರು 670. ಒಮ್ಮೆ ಕೂತರೆ ಜೀವನಪೂರ್ತಿ. ಇಷ್ಟು ಜಿಲ್ಲೆಗಳ ವಕೀಲರನ್ನು ಅಧ್ಯಕ್ಷರ ಕಚೇರಿ ಹೇಗೆ ಬಲ್ಲದು ಹೇಳಿ? ಆದ್ದರಿಂದ ಆಯಾ ರಾಜ್ಯದ ಇಬ್ಬರು ಸೆನೆಟರ್‌ಗಳು ಹೆಸರು ಸೂಚಿಸುವುದು ಹಳೇ ಪದ್ಧತಿ. ಎಷ್ಟೋ ಸೆನೆಟರ್‌ಗಳು ಇದಕ್ಕಾಗಿ ವಕೀಲರ ಸಮಿತಿ ಇಟ್ಟುಕೊಂಡಿದ್ದಾರೆ. ವಿಸ್ಕಾನ್ಸಿನ್‌ನಲ್ಲಿ ಇಂಥ ಸಮಿತಿ 1979ರಿಂದ ಇದೆ. ಹುದ್ದೆ ಖಾಲಿಯಾದಾಗ ಸಮಿತಿ ಅರ್ಜಿ ಕರೆಯುತ್ತದೆ, ಸಂದರ್ಶನ ಮಾಡುತ್ತದೆ, ಕೆಲವು ಹೆಸರುಗಳನ್ನು ಸೆನೆಟರ್‌ಗೆ ಕಳಿಸುತ್ತದೆ. ನಿಮ್ಮ ರಾಜ್ಯದಲ್ಲಿ ಸಮಿತಿ ಇದೆಯೇ, ಅರ್ಜಿಯ ಕೊನೇ ದಿನ ಯಾವುದು ಎಂದು ಸೆನೆಟರ್ ಕಚೇರಿಗೆ ಫೋನ್ ಮಾಡಿದರೆ ಅವರೇ ಹೇಳುತ್ತಾರೆ. ಅದಕ್ಕೆ ಮಧ್ಯವರ್ತಿ ಯಾಕೆ ಬೇಕು? ಆ 25,000 ಡಾಲರಿನ ‘ಪಟ್ಟಿಗೆ ಸೇರಿಸುವ’ ಕೆಲಸವನ್ನು ನಿಮ್ಮ ಮಗಳು ಒಂದು ಅರ್ಜಿ ತುಂಬಿ ತಾವೇ ಮಾಡಿಕೊಳ್ಳಬಹುದು.

ಸೆನೆಟರ್‌ಗಳ ಕೈಯಲ್ಲಿ ಇನ್ನೊಂದು ಬೀಗದ ಕೈ ಇದೆ. ಬ್ಲೂ ಸ್ಲಿಪ್ ಎನ್ನುತ್ತಾರೆ, ನೀಲಿ ಚೀಟಿ. ಅಧ್ಯಕ್ಷರು ಹೆಸರಿಸಿದ ಮೇಲೆ ನ್ಯಾಯಾಂಗ ಸಮಿತಿ ಆ ರಾಜ್ಯದ ಇಬ್ಬರೂ ಸೆನೆಟರ್‌ಗಳಿಗೆ ನೀಲಿ ಕಾಗದ ಕಳಿಸುತ್ತದೆ. ಅವರು ಒಪ್ಪಿ ತಿರುಗಿ ಕಳಿಸಬೇಕು. ಒಬ್ಬರು ಸುಮ್ಮನೆ ಇಟ್ಟುಕೊಂಡರೂ ಜಿಲ್ಲಾ ಕೋರ್ಟಿನ ಹೆಸರು ಅಲ್ಲೇ ನಿಲ್ಲುತ್ತದೆ. ಇದು ಕಾನೂನಲ್ಲ, ಸುಮಾರು ನೂರು ವರ್ಷದ ರೂಢಿ. ಮೇಲ್ಮನವಿ ಕೋರ್ಟುಗಳಿಗೆ 2018ರ ಹೊತ್ತಿಗೆ ಇದನ್ನು ಕೈಬಿಟ್ಟರು, ಜಿಲ್ಲಾ ಕೋರ್ಟುಗಳಿಗೆ ಎರಡೂ ಪಕ್ಷದವರು ಉಳಿಸಿಕೊಂಡು ಬಂದಿದ್ದಾರೆ.

ಇದರ ಬಿಸಿ ಪ್ರಾಸಿಕ್ಯೂಟರ್ ಒಬ್ಬರಿಗೇ ತಟ್ಟಿದ್ದನ್ನು ಹೇಳುತ್ತೇನೆ. ಮಿಸಿಸಿಪ್ಪಿಯ ಸ್ಕಾಟ್ ಕೋಲಮ್ ಆಗ ಅಲ್ಲಿನ ಚುನಾಯಿತ ಜಿಲ್ಲಾ ಅಟಾರ್ನಿ ಆಗಿದ್ದರು. 2022ರಲ್ಲಿ ಅಧ್ಯಕ್ಷ ಬೈಡನ್ ಅವರನ್ನು ಫೆಡರಲ್ ಜಡ್ಜ್ ಹುದ್ದೆಗೆ ಹೆಸರಿಸಿದರು. ಒಬ್ಬ ರಿಪಬ್ಲಿಕನ್ ಸೆನೆಟರ್ ಚೀಟಿ ಕೊಟ್ಟರು, ಇನ್ನೊಬ್ಬರಾದ ಸಿಂಡಿ ಹೈಡ್-ಸ್ಮಿತ್ ಕೊಡಲಿಲ್ಲ. ಕೆಲಸ ನಿಂತುಹೋಯಿತು. ವಿಸ್ಕಾನ್ಸಿನ್‌ನಲ್ಲಿ ನಡೆದದ್ದು ಇನ್ನೂ ನೋವಿನದು. ವಿಲಿಯಂ ಪೋಕನ್ ಎಂಬ ರಾಜ್ಯ ನ್ಯಾಯಾಧೀಶರ ಹೆಸರನ್ನು ಇಬ್ಬರೂ ಸೆನೆಟರ್‌ಗಳು ಸೇರಿ ಮೇಲೆ ಕಳಿಸಿದ್ದರು. ನಾಮನಿರ್ದೇಶನವೂ ಆಯಿತು. 2022ರಲ್ಲಿ ಅವರಲ್ಲೇ ಒಬ್ಬರಾದ ರಾನ್ ಜಾನ್ಸನ್ ಒಪ್ಪಿಗೆ ಕೊಡಲು ನಿರಾಕರಿಸಿದರು. ಆದ್ದರಿಂದ ಸೆನೆಟರ್ ಶಿಫಾರಸು ಸಿಕ್ಕಿತು ಅಂದರೆ ಕೆಲಸ ಆಯಿತು ಅಂತಲ್ಲ. ಇದನ್ನು ಮಗಳೂ ನೀವೂ ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಬೇರೆ ಥರ ನಡೆದದ್ದೂ ಇದೆ. ಸೋನಿಯಾ ಸೊಟೊಮೇಯರ್ 1979ರಿಂದ 1984ರ ತನಕ ಮ್ಯಾನ್‌ಹಟನ್ನಿನಲ್ಲಿ ಪ್ರಾಸಿಕ್ಯೂಟರ್ ಆಗಿದ್ದರು. ಮುಂದೆ ಅವರ ಹೆಸರು ಜಡ್ಜ್ ಹುದ್ದೆಗೆ ಬಂದಾಗ ಅಧ್ಯಕ್ಷರು ರಿಪಬ್ಲಿಕನ್ ಪಕ್ಷದ ಹಿರಿಯ ಬುಷ್. ಸೆನೆಟರ್ ಮೊಯ್ನಿಹಾನ್ ಡೆಮಾಕ್ರಾಟ್. ಆದರೂ ನ್ಯೂಯಾರ್ಕಿನ ಇಬ್ಬರು ಸೆನೆಟರ್‌ಗಳ ನಡುವೆ ಹುದ್ದೆ ಹಂಚಿಕೊಳ್ಳುವ ಒಪ್ಪಂದ ಇತ್ತು. ಮೊಯ್ನಿಹಾನ್ ಸೊಟೊಮೇಯರ್ ಹೆಸರು ಕೊಟ್ಟರು, 1991ರಲ್ಲಿ ಬುಷ್ ನಾಮನಿರ್ದೇಶನ ಮಾಡಿದರು, 1992ರಲ್ಲಿ ಅವರು ಜಿಲ್ಲಾ ಜಡ್ಜ್ ಆದರು. ಇವತ್ತು ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಇಲ್ಲಿ ನಾನು ಗಮನಿಸುವುದು ಇನ್ನೊಂದು. ಪ್ರಾಸಿಕ್ಯೂಟರ್ ಕೆಲಸ ಬಿಟ್ಟು ಜಡ್ಜ್ ಆಗುವ ತನಕ ಅವರು ಸುಮಾರು ಎಂಟು ವರ್ಷ ಖಾಸಗಿ ಸಂಸ್ಥೆಯಲ್ಲಿ ವ್ಯಾಪಾರ ಸಂಬಂಧದ ಸಿವಿಲ್ ಕೇಸು ನಡೆಸಿದರು. ಇದು ನಿಮ್ಮ ಮಗಳಿಗೆ ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ನಮ್ಮವರು ಅಂತ ಹೆಸರು ಬಿದ್ದರೆ ತೊಂದರೆ ಆಗುತ್ತಾ ಎಂಬ ಅಳುಕು ನಿಮ್ಮ ಪತ್ರದ ಒಳಗೆಲ್ಲೋ ಇದೆ ಎಂದು ನನಗನಿಸಿತು. ಆ ಚಿಂತೆ ಬಿಡಿ. ದಕ್ಷಿಣ ಏಷ್ಯಾ ಮೂಲದ ಮೊತ್ತಮೊದಲ ಆಜೀವ ಫೆಡರಲ್ ಜಡ್ಜ್ ಅಮುಲ್ ಥಾಪರ್. ಅವರೂ ಪ್ರಾಸಿಕ್ಯೂಟರೇ. ಕೆಂಟಕಿಯ ಪೂರ್ವ ಜಿಲ್ಲೆಯ ಯು.ಎಸ್. ಅಟಾರ್ನಿ (ಜಿಲ್ಲೆಯ ಮುಖ್ಯ ಫೆಡರಲ್ ಪ್ರಾಸಿಕ್ಯೂಟರ್) ಆಗಿದ್ದಾಗ 2007ರಲ್ಲಿ ಕಿರಿಯ ಬುಷ್ ಅವರನ್ನು ಅಲ್ಲಿನ ಕೋರ್ಟಿಗೇ ಹೆಸರಿಸಿದರು. ಶಿಕಾಗೋದಲ್ಲಿ ಬಹಳ ವರ್ಷ ಸಹಾಯಕ ಯು.ಎಸ್. ಅಟಾರ್ನಿ ಆಗಿದ್ದ ಮನೀಶ್ ಶಾ 2014ರಲ್ಲಿ ಜಡ್ಜ್ ಆದರು, ಸೆನೆಟ್‌ನಲ್ಲಿ ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಕನೆಕ್ಟಿಕಟ್‌ನ ಸರಳಾ ವಿದ್ಯಾ ನಾಗಲ 2021ರಲ್ಲಿ ಆದರು, ಅವರೂ ನಿಮ್ಮ ಮಗಳ ಹುದ್ದೆಯಲ್ಲೇ ಇದ್ದವರು.

ಈಗ ಮಗಳ ನಿಜವಾದ ಆತಂಕಕ್ಕೆ ಬರೋಣ. ಪ್ರಾಸಿಕ್ಯೂಟರ್ ಆಗಿದ್ದವರು ಜಡ್ಜ್ ಆದರೆ ಬರೀ ಶಿಕ್ಷೆ ಕೊಡುತ್ತಾರೆ ಅನ್ನುವ ಮಾತು. ಆರೋಪಿಗಳ ಪರ ನಿಲ್ಲುವವನಾಗಿ ನಾನು ಇದನ್ನು ಸುಲಭವಾಗಿ ತಳ್ಳಿಹಾಕಲಾರೆ. ಈ ಮಾತಿಗೆ ಬೇರು ಇದೆ. ಹದಿನಾಲ್ಕು ವರ್ಷ ಪೊಲೀಸ್ ವರದಿ ಓದಿ, ತನಿಖಾಧಿಕಾರಿಗಳ ಜೊತೆ ಕೂತು, ಅವರ ಮಾತನ್ನು ನಂಬಿ ಕೇಸು ಕಟ್ಟಿದವರಿಗೆ ನಾಳೆ ಅದೇ ಅಧಿಕಾರಿ ಸಾಕ್ಷಿ ಕಟ್ಟೆಗೆ ಬಂದಾಗ ಅನುಮಾನ ಹುಟ್ಟುವುದು ಕಷ್ಟ. ಅದು ಕೆಟ್ಟತನ ಅಲ್ಲ, ಅಭ್ಯಾಸ. ಇನ್ನೊಂದು, ಇಲ್ಲಿನ ಫೆಡರಲ್ ಪೀಠಗಳಲ್ಲಿ ಮಾಜಿ ಪ್ರಾಸಿಕ್ಯೂಟರ್‌ಗಳು ಮೊದಲಿಂದಲೂ ಜಾಸ್ತಿ, ಬಡ ಆರೋಪಿಗಳ ಪರ ಸರ್ಕಾರವೇ ನೇಮಿಸುವ ಪಬ್ಲಿಕ್ ಡಿಫೆಂಡರ್‌ಗಳು ಕಡಿಮೆ. ಡಿಫೆಂಡರ್ ಆಗಿದ್ದ ಒಬ್ಬರು ಸುಪ್ರೀಂ ಕೋರ್ಟಿಗೆ ಬರಲು 2022ರ ತನಕ, ಕೆಟಾಂಜಿ ಬ್ರೌನ್ ಜಾಕ್ಸನ್ ಬರುವ ತನಕ ಕಾಯಬೇಕಾಯಿತು. ಸಮಿತಿಗಳು ಈಗ ಇದನ್ನು ಗಮನಿಸುತ್ತವೆ, ಪ್ರಶ್ನೆ ಕೇಳುತ್ತವೆ. ಕೇಳಬೇಕಾದದ್ದೇ.

ಆದರೆ ಆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಫೆಡರಲ್ ಕ್ರಿಮಿನಲ್ ಕೇಸಿನಲ್ಲಿ ವಿಚಾರಣೆ ತನಕ ಬರುವುದೇ ಅಪರೂಪ. 2018ರಲ್ಲಿ ಸುಮಾರು 80,000 ಆರೋಪಿಗಳ ಪೈಕಿ ಶೇ 2ರಷ್ಟು ಮಂದಿ ಮಾತ್ರ ವಿಚಾರಣೆಗೆ ಹೋದರು ಎಂದು ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿತ್ತು. ಸುಮಾರು ಶೇ 90 ಮಂದಿ ತಪ್ಪೊಪ್ಪಿಕೊಂಡರು. ಅಂದರೆ ಯಾವ ಆರೋಪ ಹೊರಿಸಬೇಕು, ಯಾವುದನ್ನು ಕೈಬಿಡಬೇಕು, ಎಷ್ಟು ಶಿಕ್ಷೆಗೆ ಒಪ್ಪಬೇಕು ಎಂಬುದು ಬಹುಪಾಲು ಪ್ರಾಸಿಕ್ಯೂಟರ್ ಮೇಜಿನ ಮೇಲೇ ತೀರ್ಮಾನ ಆಗುತ್ತದೆ. ಆ ಕುರ್ಚಿಯಲ್ಲಿ ಕೂತು ಕೈ ಬಿಗಿಹಿಡಿದವರು ಯಾರು, ಕೈಗೆ ಸಿಕ್ಕ ಕೋಲಿನಿಂದ ಸುಮ್ನೆ ಹೊಡೆದವರು ಯಾರು ಎಂದು ನಮಗೆ, ಎದುರು ವಕೀಲರಿಗೆ, ಚೆನ್ನಾಗಿ ಗೊತ್ತಿರುತ್ತದೆ. ಪ್ರಾಸಿಕ್ಯೂಟರ್ ಆಗಿದ್ದರು ಎಂಬುದರಿಂದ ಜಡ್ಜ್ ಹೇಗಿರುತ್ತಾರೆ ಎಂದು ತಿಳಿಯುವುದಿಲ್ಲ. ಎಂಥ ಪ್ರಾಸಿಕ್ಯೂಟರ್ ಆಗಿದ್ದರು ಎಂಬುದರಿಂದ ತಿಳಿಯುತ್ತದೆ.

ಒಂದು ಶುಕ್ರವಾರ ಸಂಜೆ. ಐದು ಗಂಟೆ ದಾಟಿತ್ತು. ನನ್ನ ಕಕ್ಷಿದಾರ ಎರಡು ಲಾರಿ ಇಟ್ಟುಕೊಂಡಿದ್ದ ಒಬ್ಬ ಬಡಪಾಯಿ. ಬ್ಯಾಂಕಿಗೆ ಸುಳ್ಳು ಲೆಕ್ಕ ಕೊಟ್ಟ ಎಂದು ಮೂರು ಆರೋಪ. ಸೋಮವಾರ ವಿಚಾರಣೆ ಶುರು. ಎದುರಿನ ಪ್ರಾಸಿಕ್ಯೂಟರ್ ಫೋನ್ ಮಾಡಿ, ‘ಒಂದು ಕಾಗದ ಕಳಿಸ್ತಾ ಇದ್ದೇನೆ, ಇವತ್ತೇ ಓದಿ’ ಎಂದರು. ಅರ್ಧ ಗಂಟೆಯಲ್ಲಿ ಲಕೋಟೆ ಬಂತು. ತನಿಖಾಧಿಕಾರಿಯ ಕೈಬರಹದ ಎರಡು ಪುಟ. ಸರ್ಕಾರದ ಮುಖ್ಯ ಸಾಕ್ಷಿ ಆ ದಿನ ಬೆಳಿಗ್ಗೆ ತಯಾರಿಗೆ ಬಂದಾಗ ಹಳೇ ಹೇಳಿಕೆಗಿಂತ ಬೇರೆ ಮಾತಾಡಿದ್ದ. ಎರಡನೇ ಪುಟದ ಮಧ್ಯದ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ. ನನ್ನ ಕಣ್ಣು ತಪ್ಪಬಾರದು ಎಂದು ಅವರೇ ಎಳೆದದ್ದು. ಆ ಸಾಲಿನಿಂದ ಅವರ ಒಂದು ಆರೋಪ ಬಿದ್ದುಹೋಯಿತು. ಉಳಿದೆರಡರಲ್ಲಿ ಜ್ಯೂರಿ ನನ್ನ ಕಕ್ಷಿದಾರನನ್ನು ಬಿಟ್ಟಿತು.

ಅವರು ಆ ಕಾಗದ ಕೊಡಲೇಬೇಕಿತ್ತು, ನಿಜ. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಬಚ್ಚಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1963ರ ಬ್ರೇಡಿ ತೀರ್ಪಿನಲ್ಲೇ ಹೇಳಿದೆ. ಆದರೆ ಎಲ್ಲರೂ ಕೊಡುವುದಿಲ್ಲ. ಅಲಾಸ್ಕದ ಸೆನೆಟರ್ ಟೆಡ್ ಸ್ಟೀವನ್ಸ್ ಕೇಸು ನೋಡಿ. 2008ರಲ್ಲಿ ತಪ್ಪಿತಸ್ಥ ಎಂದು ತೀರ್ಪಾಯಿತು, ಚುನಾವಣೆ ಸೋತರು. ಸರ್ಕಾರಿ ವಕೀಲರು ಸಾಕ್ಷ್ಯ ಮುಚ್ಚಿಟ್ಟಿದ್ದರು ಎಂದು ಆಮೇಲೆ ಹೊರಬಂತು. 2009ರಲ್ಲಿ ಜಡ್ಜ್ ಎಮೆಟ್ ಸುಲಿವನ್ ಆ ತೀರ್ಪನ್ನೇ ರದ್ದು ಮಾಡಿದರು. 2020ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಈಗ ಪ್ರತಿ ಕ್ರಿಮಿನಲ್ ಕೇಸಿನ ಶುರುವಿನಲ್ಲೇ ಜಡ್ಜ್ ಈ ಕರ್ತವ್ಯವನ್ನು ಪ್ರಾಸಿಕ್ಯೂಟರ್‌ಗೆ ಬಾಯಲ್ಲೂ ಬರಹದಲ್ಲೂ ನೆನಪಿಸಬೇಕು.

ಆ ಶುಕ್ರವಾರದ ಘಟನೆ ಆಗಿ ಆರು ವರ್ಷದ ಮೇಲೆ ನನಗೆ ಒಂದು ಫೋನ್ ಬಂತು. ಸೆನೆಟರ್ ಸಮಿತಿಯ ಒಬ್ಬ ವಕೀಲರು. ‘ಇವರು ಜಡ್ಜ್ ಹುದ್ದೆಗೆ ಅರ್ಜಿ ಹಾಕಿದ್ದಾರೆ. ನೀವು ಇವರ ಎದುರು ಕೇಸು ನಡೆಸಿದ್ದೀರಿ ಅಲ್ವಾ?’ ಎಂದರು. ಎಷ್ಟು ಕೇಸು ಗೆದ್ದಿದ್ದಾರೆ ಎಂದು ಅವರು ಕೇಳಲೇ ಇಲ್ಲ. ಕೊಟ್ಟ ಮಾತಿಗೆ ಎಂದಾದರೂ ತಪ್ಪಿದ್ದಾರಾ? ಸೋತಾಗ ಹೇಗಿದ್ದರು? ಹೊಸ ವಕೀಲರು ತಪ್ಪು ಮಾಡಿದರೆ ಏನು ಮಾಡುತ್ತಾರೆ? ಕೋರ್ಟಿನ ಹೊರಗೆ ಆರೋಪಿಯ ತಾಯಿ ಎದುರಾದರೆ ಮುಖ ತಿರುಗಿಸುತ್ತಾರಾ? ನಲವತ್ತು ನಿಮಿಷ ಮಾತಾಡಿದೆ. ಆ ಪೆನ್ಸಿಲ್ ಗೆರೆಯ ಕಥೆಯನ್ನೂ ಹೇಳಿದೆ. ಅವರು ಇವತ್ತು ಜಡ್ಜ್. ಅವರ ಮುಂದೆ ನಾನು ಕೇಸು ಸೋತಿದ್ದೇನೆ, ಗೆದ್ದಿದ್ದೇನೆ. ಎರಡೂ ಸಲ ನನ್ನ ಮಾತನ್ನು ಪೂರ್ತಿ ಕೇಳಿದರು.

ನಿಮ್ಮ ‘ಯಾರನ್ನು ಹಿಡಿಯಬೇಕು’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಪ್ರಾಸಿಕ್ಯೂಟರ್ ಒಬ್ಬರ ಅತ್ಯಂತ ಬಲವಾದ ಶಿಫಾರಸು ಅವರ ಎದುರು ವಾದಿಸಿದವರಿಂದ ಬರುತ್ತದೆ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಸೆನೆಟ್ ಪ್ರಶ್ನಾವಳಿಯಲ್ಲೇ ನೀವು ನಡೆಸಿದ ಹತ್ತು ಮುಖ್ಯ ಕೇಸು ಬರೆಯಿರಿ, ಪ್ರತಿಯೊಂದರಲ್ಲೂ ಎದುರು ವಕೀಲರ ಹೆಸರು, ಫೋನ್ ನಂಬರ್ ಕೊಡಿ ಎಂದು ಕೇಳುತ್ತಾರೆ. ಫೋನ್ ಮಾಡಿ ವಿಚಾರಿಸಲೆಂದೇ ಅದು. ಹಾಲಿ ಜಡ್ಜ್‌ಗಳನ್ನೂ ಸಮಿತಿ ವಿಚಾರಿಸಬಹುದು, ಕೇಳಿದಾಗ ಉತ್ತರ ಕೊಡಲು ಅವರ ನೀತಿ ಸಂಹಿತೆ ಅವಕಾಶ ಕೊಡುತ್ತದೆ. ಕನ್ನಡ ಕೂಟದ 300 ಸಹಿ ಪ್ರೀತಿಯಿಂದಲೇ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಸಹಿ ಹಾಕಿದವರಲ್ಲಿ ಮಗಳು ಕೋರ್ಟಿನಲ್ಲಿ ನಿಂತದ್ದನ್ನು ನೋಡಿದವರು ಎಷ್ಟು ಜನ? ಸಮಿತಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ‘ಸಮುದಾಯದ ಒತ್ತಡ’ ಎಂಬ ಮಾತು ಬೇರೆ ಹುಟ್ಟಬಹುದು.

ಹಾಗಾದರೆ ಮಗಳ ಮುಂದೆ ಯಾವ ದಾರಿಗಳಿವೆ?

ಈಗಲೇ ಅರ್ಜಿ ಹಾಕುವುದು ಒಂದು. 14 ವರ್ಷ ಕಡಿಮೆಯೇನಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ 1953ರಿಂದ ಅಭ್ಯರ್ಥಿಗಳನ್ನು ತೂಗಿ ನೋಡುತ್ತಾ ಬಂದಿದೆ. ಅದು ಸಾಮಾನ್ಯವಾಗಿ ನಿರೀಕ್ಷಿಸುವುದು ಕನಿಷ್ಠ 12 ವರ್ಷ. ಆ ಸಂಸ್ಥೆಯ ಜೊತೆಗಿನ ಸಹಕಾರವನ್ನು ನ್ಯಾಯ ಇಲಾಖೆ 2025ರಲ್ಲಿ ನಿಲ್ಲಿಸಿತು, ಆದರೂ ಅನುಭವದ ಆ ಅಂದಾಜು ಎಲ್ಲರ ತಲೆಯಲ್ಲಿದೆ. ತೊಡಕು ಇರುವುದು ಸಿವಿಲ್ ಕಡೆ. ಜಿಲ್ಲಾ ಕೋರ್ಟಿಗೆ ಬರುವ ಕೇಸುಗಳಲ್ಲಿ ಕ್ರಿಮಿನಲ್‌ಗಿಂತ ಸಿವಿಲ್ ಎಷ್ಟೋ ಪಟ್ಟು ಜಾಸ್ತಿ. ಪೇಟೆಂಟ್ ಜಗಳ, ನೌಕರಿಯಲ್ಲಿ ತಾರತಮ್ಯ, ವಿಮೆ, ಅಂಗವೈಕಲ್ಯ ಭತ್ಯೆ, ಕೈದಿಗಳ ಅರ್ಜಿ, ಹೀಗೆ. ಬರೀ ಕ್ರಿಮಿನಲ್ ನಡೆಸಿದವರಿಗೆ ‘ಇದನ್ನೆಲ್ಲ ಹೇಗೆ ಕಲಿಯುತ್ತೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೊಟೊಮೇಯರ್ ಅವರ ಎಂಟು ವರ್ಷದ ಮಾತು ತೆಗೆದದ್ದು ಇದಕ್ಕೇ. ನಿಮ್ಮ ಮಗಳು ಕೆಲಸ ಬಿಡಬೇಕಾಗಿಲ್ಲ. ಯು.ಎಸ್. ಅಟಾರ್ನಿ ಕಚೇರಿಗಳಲ್ಲಿ ಸಿವಿಲ್ ವಿಭಾಗ ಇರುತ್ತದೆ. ಎರಡು ಮೂರು ವರ್ಷ ಅಲ್ಲಿಗೆ ಬದಲಾಯಿಸಿಕೊಂಡರೆ ಆ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಅಷ್ಟರಲ್ಲಿ ಈ ಹುದ್ದೆ ಕೈತಪ್ಪುತ್ತದೆ, ಅದೊಂದೇ ನಷ್ಟ. ಮುಂದಿನದು ಯಾವಾಗ ಖಾಲಿಯಾಗುತ್ತದೆ ಎಂದು ಯಾರೂ ಹೇಳಲಾಗದು.

ಇನ್ನೊಂದು ದಾರಿ ಬಗ್ಗೆ ನಮ್ಮವರಿಗೆ ಜಾಸ್ತಿ ಗೊತ್ತಿಲ್ಲ. ಮ್ಯಾಜಿಸ್ಟ್ರೇಟ್ ಜಡ್ಜ್. ನಮ್ಮ ಊರಿನ ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಥರ ಎಂದುಕೊಳ್ಳಬೇಡಿ, ಇದು ಫೆಡರಲ್ ಕೋರ್ಟಿನದೇ ಹುದ್ದೆ. ಸೆನೆಟರ್ ಬೇಡ, ಅಧ್ಯಕ್ಷರು ಬೇಡ. ಆ ಜಿಲ್ಲೆಯ ಜಡ್ಜ್‌ಗಳೇ ಒಂದು ಆಯ್ಕೆ ಸಮಿತಿ ಮಾಡಿ, ಅರ್ಜಿ ಕರೆದು, ತಾವೇ ನೇಮಿಸುತ್ತಾರೆ. ಎಂಟು ವರ್ಷದ ಅವಧಿ, ಮತ್ತೆ ನೇಮಿಸಬಹುದು. ಸಂಬಳ ಜಿಲ್ಲಾ ಜಡ್ಜ್ ಸಂಬಳದ ಶೇ 92. ಅಲ್ಲಿಂದ ಮೇಲೆ ಹೋದವರೂ ಇದ್ದಾರೆ. ನ್ಯೂಯಾರ್ಕಿನ ಸಂಕೇತ್ ಬುಲ್ಸಾರ 2017ರಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿ, 2024ರಲ್ಲಿ ಜಿಲ್ಲಾ ಜಡ್ಜ್ ಆದರು. ರಾಜಕೀಯ ಬೇಡ, ಕೋರ್ಟು ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದೇ ಈ ದಾರಿ.

ಮೂರನೆಯದು, ಅರ್ಜಿಯನ್ನೇ ಹಾಕದಿರುವುದು. ಒಳ್ಳೆಯ ಪ್ರಾಸಿಕ್ಯೂಟರ್ ಒಬ್ಬರು ಅಲ್ಲೇ ಉಳಿದರೆ ನನ್ನಂಥವರಿಗೆ, ನನ್ನ ಕಕ್ಷಿದಾರರಿಗೆ ಅದರಿಂದ ಒಳ್ಳೆಯದೇ. ಮಗಳು ಹಾಗೆ ತೀರ್ಮಾನಿಸಿದರೆ ಅದನ್ನು ಸೋಲು ಎಂದು ಎಣಿಸಬೇಡಿ.

ಅಪಾಯಗಳನ್ನೂ ಹೇಳಿಬಿಡುತ್ತೇನೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೇತಾಡಬೇಕಾಗಬಹುದು. ಸೆನೆಟ್ ಅವಧಿ ಮುಗಿದರೆ ಮತಕ್ಕೆ ಬಾರದ ಹೆಸರುಗಳು ಅಧ್ಯಕ್ಷರಿಗೆ ವಾಪಸ್ ಹೋಗುತ್ತವೆ. 2013ರಿಂದ ಸರಳ ಬಹುಮತ ಸಾಕು, ಆದರೆ ಹೆಚ್ಚಿನ ಮತದಾನ ಪಕ್ಷದ ಗೆರೆಯ ಮೇಲೇ ನಡೆಯುತ್ತಿದೆ. ಜಡ್ಜ್ ಆದ ಮೇಲೂ ತಾವು ಕೈ ಹಾಕಿದ ಹಳೇ ಕೇಸುಗಳಿಂದ ದೂರ ಇರಬೇಕು, ಕಾನೂನೇ ಹಾಗೆ ಹೇಳುತ್ತದೆ. ಪೆನ್ಸಿಲ್ವೇನಿಯಾದ ಮುಖ್ಯ ನ್ಯಾಯಮೂರ್ತಿ ರೊನಾಲ್ಡ್ ಕ್ಯಾಸ್ಟಿಲ್ ಹಿಂದೆ ಜಿಲ್ಲಾ ಅಟಾರ್ನಿ ಆಗಿದ್ದಾಗ ಒಬ್ಬನಿಗೆ ಮರಣದಂಡನೆ ಕೇಳಲು ಒಪ್ಪಿಗೆ ಕೊಟ್ಟಿದ್ದರು. ಅದೇ ಕೇಸು ವರ್ಷಗಳ ಮೇಲೆ ತಮ್ಮ ಪೀಠಕ್ಕೆ ಬಂದಾಗ ಹಿಂದೆ ಸರಿಯಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು. ಶುರುವಿನ ಒಂದೆರಡು ವರ್ಷ ಮಗಳ ಪಾಲಿಗೆ ಕ್ರಿಮಿನಲ್ ಕೇಸುಗಳು ಕಡಿಮೆ ಬರಬಹುದು, ಅದಕ್ಕೂ ಇದೇ ಕಾರಣ.

ಬರೆಯಲು ಕಷ್ಟವಾಗುವ ಒಂದು ಮಾತಿದೆ, ಆದರೆ ಮಗಳ ಮನೆಯಲ್ಲೇ ಇರುವ ನಿಮಗೆ ಹೇಳದೆ ಇರಲಾರೆ. 2020ರ ಜುಲೈನಲ್ಲಿ ನ್ಯೂಜೆರ್ಸಿಯ ಫೆಡರಲ್ ಜಡ್ಜ್ ಎಸ್ತರ್ ಸಲಾಸ್ ಅವರ ಮನೆಗೆ ಪಾರ್ಸೆಲ್ ಕೊಡುವವನ ವೇಷದಲ್ಲಿ ಒಬ್ಬ ಬಂದ. ಅವರ ಮುಂದೆ ಹಿಂದೆ ಕೇಸು ನಡೆಸಿದ್ದ ವಕೀಲ ಅವನು. ಬಾಗಿಲು ತೆರೆದ 20 ವರ್ಷದ ಮಗ ಡೇನಿಯಲ್‌ನನ್ನು ಗುಂಡಿಕ್ಕಿ ಕೊಂದ, ಗಂಡನಿಗೂ ಗುಂಡು ಹೊಡೆದ. ಆ ಹುಡುಗನ ಹೆಸರಿನಲ್ಲೇ 2022ರಲ್ಲಿ ಒಂದು ಕಾನೂನು ಬಂತು. ಜಡ್ಜ್‌ಗಳು ಮತ್ತು ಅವರ ಮನೆಯವರ ವಿಳಾಸ, ಫೋನ್ ನಂಬರ್‌ಗಳನ್ನು ಅಂತರ್ಜಾಲದಿಂದ ತೆಗೆಸಲು ಅದು ಅವಕಾಶ ಕೊಡುತ್ತದೆ. ಪ್ರಾಸಿಕ್ಯೂಟರ್ ಮನೆಯವರಾಗಿ ನಿಮಗೆ ಎಚ್ಚರ ಹೊಸದಲ್ಲ. ಆದರೂ ಮೊಮ್ಮಕ್ಕಳಿದ್ದರೆ ಕೂತು ಮಾತಾಡಿಕೊಳ್ಳಿ.

ಇನ್ನು ಸಂಬಳ. 2025ರಲ್ಲಿ ಜಿಲ್ಲಾ ಜಡ್ಜ್‌ಗೆ ವರ್ಷಕ್ಕೆ 2,47,400 ಡಾಲರ್. 65 ವಯಸ್ಸು ಆಗಿ 15 ವರ್ಷ ಸೇವೆ ಆಗಿದ್ದರೆ ಅದೇ ಸಂಬಳದೊಂದಿಗೆ ನಿವೃತ್ತಿ. ದೊಡ್ಡ ಖಾಸಗಿ ಸಂಸ್ಥೆಗಳಿಗೆ ಹೋಲಿಸಿದರೆ ಇದು ಕಡಿಮೆ, ನೆಮ್ಮದಿಗೆ ಸಾಕು.

ಕೊನೆಗೆ, ನೀವು ನಿಜಕ್ಕೂ ಮಾಡಬಹುದಾದ ಒಂದು ಕೆಲಸ ಇದೆ. ಬೇರೆ ಯಾರೂ ಮಾಡಲಾರರು. ಅರ್ಜಿ ಮುಂದೆ ಹೋದರೆ ಎಫ್‌.ಬಿ.ಐ. ತನಿಖೆ ನಡೆಯುತ್ತದೆ. ವಿದೇಶದಲ್ಲಿರುವ ನೆಂಟರು, ಆಸ್ತಿ, ಬ್ಯಾಂಕ್ ಖಾತೆ ಎಲ್ಲದರ ವಿವರ ಕೇಳುತ್ತಾರೆ. ಆಸ್ತಿ, ಸಾಲದ ಪಟ್ಟಿಯೊಂದು ಸೆನೆಟ್‌ಗೂ ಹೋಗುತ್ತದೆ. ನಮ್ಮ ಮನೆಗಳಲ್ಲಿ ಏನಾಗಿರುತ್ತದೆ ಹೇಳಿ? ಮಗಳ ಮದುವೆ ಹೊತ್ತಿಗೆ ಮೈಸೂರಿನಲ್ಲಿ ಅವಳ ಹೆಸರಿಗೆ ಒಂದು ಸೈಟು. ಹಾಸನದ ಬ್ಯಾಂಕಿನಲ್ಲಿ ಅಪ್ಪ-ಮಗಳ ಜಂಟಿ ಎಫ್‌.ಡಿ. ಅಜ್ಜಿ ಬರೆದಿಟ್ಟ ತೋಟದಲ್ಲಿ ಒಂದು ಪಾಲು. ಮಗಳಿಗೆ ಇದರಲ್ಲಿ ಅರ್ಧ ಗೊತ್ತೇ ಇರುವುದಿಲ್ಲ. ವಿದೇಶಿ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅಮೆರಿಕದ ಖಜಾನೆಗೆ ವರದಿ ಕೊಡಬೇಕು. ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಗೊತ್ತಿಲ್ಲದೆ ಬಿಟ್ಟಿದ್ದರೂ ಅದು ಮುಚ್ಚಿಟ್ಟಂತೆ ಕಾಣುತ್ತದೆ. ಮಗಳ ಹೆಸರು ಇರುವ ಪ್ರತಿ ಕಾಗದ, ಪಾಸ್‌ಬುಕ್, ಖಾತಾ, ಕ್ರಯಪತ್ರ ಎಲ್ಲ ಹುಡುಕಿ ಒಂದು ಫೈಲ್ ಮಾಡಿ. ಇಂಜಿನಿಯರ್ ಆಗಿದ್ದವರಿಗೆ ಫೈಲ್ ಹೇಗೆ ಇಡಬೇಕೆಂದು ನಾನು ಹೇಳಬೇಕಾಗಿಲ್ಲ. ಲೋಪ ಕಂಡರೆ ತೆರಿಗೆ ತಜ್ಞರ ಹತ್ತಿರ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಬಹುದು.

ಆ ಫೈಲ್ ತಯಾರಾಗುವ ತನಕ ಕಾಯಬೇಡಿ, ಇವತ್ತು ರಾತ್ರಿಯೇ ಮಗಳ ಜೊತೆ ಕೂತು ಈ ಪತ್ರದ ವಿಷಯ ಹೇಳಿ. ಕೂಟದವರಿಗೆ ಸಹಿ ಬೇಡ ಎಂದು ಪ್ರೀತಿಯಿಂದ ಹೇಳಿ. ಆ ಪರಿಚಯದವರ ವಾಟ್ಸಾಪ್ ಸಂದೇಶವನ್ನು ಅಳಿಸಬೇಡಿ, ಉತ್ತರಿಸಲೂ ಬೇಡಿ. ಹಾಗೇ ಮಗಳಿಗೆ ತೋರಿಸಿ. ಅವರ ಕಚೇರಿಯಲ್ಲಿ ಇಂಥದ್ದಕ್ಕೆ ಸಲಹೆ ಕೊಡುವ ನೀತಿ ಅಧಿಕಾರಿ ಇರುತ್ತಾರೆ. ಮುಂದೇನು ಮಾಡಬೇಕು ಎಂದು ಅವರಿಬ್ಬರೂ ನೋಡಿಕೊಳ್ಳುತ್ತಾರೆ.